ಚಿಮಣಿ ಎಣ್ಣೆಯಲ್ಲಿ ತೊಳೆದ ಪಿಕಪ್

ಅಂಕೋಲೆಯಿಂದ ಹುಬ್ಬಳ್ಳಿಗೆ ಹೊರಟರೆ ರಾಮನಗುಳಿಯವರೆಗೆ ಎಲ್ಲರ ಕಾರೂ ಒಳ್ಳೆಯ ಕಾರೇ. ಗಂಗಾವಳಿಯ ಪಕ್ಕದಲ್ಲೇ ರಸ್ತೆ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ, ಗಾಡಿಯೂ ಸಾಗುತ್ತದೆ. ಗುಳ್ಳಾಪುರ ದಾಟಿ ಅರಬೈಲು ಘಟ್ಟ ಶುರುವಾದ ಮೇಲೆಯೇ ಯಾವುದಕ್ಕೆ ಎಷ್ಟು ದಮ್ಮಿದೆ ಎನ್ನುವುದು ಬಯಲಾಗುವುದು. ನಾನು ಹೇಳುತ್ತಿರುವುದು 2009-10ರ ಮಾತು. ಆಗ ಅದು 63ನೇ ರಾಷ್ಟ್ರೀಯ ಹೆದ್ದಾರಿ. ಹೆಸರಿಗೆ ರಾಷ್ಟ್ರದ್ದು, ನಿಜದಲ್ಲಿ ಅದಿರಿನ ಲಾರಿಗಳದ್ದು. ಬಳ್ಳಾರಿ, ಹೊಸಪೇಟೆ ಕಡೆಯಿಂದ ಬೇಲೇಕೇರಿ ಬಂದರಿಗೆ ತುಂಬಿದ ಲಾರಿಗಳು ಘಟ್ಟ ಇಳಿಯುತ್ತಿದ್ದವು, ಖಾಲಿಯಾದವು ಹತ್ತುತ್ತಿದ್ದವು. ರಸ್ತೆ ಬದಿಯ ಗಿಡಗಳ ಎಲೆ, ಗೂಡಂಗಡಿಗಳ ತಗಡು, ಬಸ್ಸಿಗೆ ಕಾಯುವವರ ಅಂಗಿ, ಎಲ್ಲವೂ ಕೆಂಪು.

ಆ ಖಾಲಿ ಲಾರಿಗಳಲ್ಲಿ ಒಂದು ಘಟ್ಟದ ಏರಿನಲ್ಲಿ ಹಾರ್ನ್ ಹೊಡೆದು ನನ್ನ ಕಾರನ್ನು ಹಿಂದೆ ಹಾಕಿ ಹೋಯಿತು. ಲಾರಿಯ ಮೈಮೇಲೆ ಟರ್ಬೊ ಎಂದು ದೊಡ್ಡದಾಗಿ ಬರೆದಿತ್ತು. ನನ್ನ ಕಾರಿನಲ್ಲೂ ಟರ್ಬೊ ಇತ್ತು, ಅದರ ಜೊತೆಗೆ ಇಂಟರ್‌ಕೂಲರ್ ಕೂಡ ಇತ್ತು. ಆದರೂ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಬರುತ್ತಿದ್ದದ್ದು ಸುಂಯ್ ಎನ್ನುವ ಸದ್ದು ಮತ್ತು ಕನ್ನಡಿಯಲ್ಲಿ ಕಪ್ಪು ಹೊಗೆ. ಎಳೆತ ಮಾತ್ರ ಇಲ್ಲ.

ನಾನು ಹುಬ್ಬಳ್ಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವನು. ಅಮ್ಮ ಅಂಕೋಲೆ ಸೀಮೆಯ ಮನೆ ಬಿಟ್ಟು ಬರಲು ಒಪ್ಪದ ಕಾರಣ ಬಿಡುವಾದಾಗೆಲ್ಲ ಘಟ್ಟ ಇಳಿಯುವುದು, ಹತ್ತುವುದು ರೂಢಿಯಾಗಿತ್ತು. ಡೀಸೆಲ್ ಆಗ ಪೆಟ್ರೋಲಿಗಿಂತ ಸಾಕಷ್ಟು ಅಗ್ಗ. ಹಾಗಾಗಿ ಯಾರೋ ಬಳಸಿ ಬಿಟ್ಟ ಸಣ್ಣ ಡೀಸೆಲ್ ಕಾರು ಕೊಂಡಿದ್ದೆ. ಊರೊಳಗೆ ಅದರ ಮೇಲೆ ದೂರಿಲ್ಲ. ಘಟ್ಟದಲ್ಲಿ ಮಾತ್ರ ದಿನೇ ದಿನೇ ಸೊರಗುತ್ತಿತ್ತು.

ಮೊದಲು ಹೋದದ್ದು ಕಂಪನಿಯ ಅಧಿಕೃತ ಸರ್ವಿಸಿಗೆ. ಟೈ ಕಟ್ಟಿದ ಹುಡುಗ ಸ್ಕ್ಯಾನರ್ ಚುಚ್ಚಿದ, ಟರ್ಬೊದಿಂದ ಹೊರಡುವ ಪೈಪನ್ನು ಬಿಚ್ಚಿ ಒಳಗೆ ಬೆರಳಾಡಿಸಿದ, ಬೆರಳಿಗೆ ಹತ್ತಿದ ಕಪ್ಪು ಆಯಿಲ್ ತೋರಿಸಿದ. ಸರ್, ಟರ್ಬೊ ಸೀಲ್ ಹೋಗಿದೆ, ಟರ್ಬೊ ಬದಲಿಸಬೇಕು, ಇಂಟರ್‌ಕೂಲರ್ ತುಂಬ ಆಯಿಲ್ ಇದೆ, ಅದನ್ನೂ ಬದಲಿಸುವುದು ಒಳ್ಳೆಯದು. ಅಂದಾಜು ಪಟ್ಟಿ ಅಚ್ಚಾಗಿ ಬಂತು. ಅದರ ಕೊನೆಯ ಸಾಲಿನ ಅಂಕಿ ನನ್ನ ತಿಂಗಳ ಸಂಬಳವನ್ನು ದಾಟಿ ಮುಂದಿನ ತಿಂಗಳಿಗೆ ಕೈ ಹಾಕಿತ್ತು.

ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಹಳೇ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಕಳಿಸಿದರು. ತಗಡಿನ ಸೂರು, ಮುಂದೊಂದು ಬೇವಿನ ಮರ. ಅಲ್ಲಿನ ಮುಖ್ಯ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ವರ್ಷಗಟ್ಟಲೆ ಲಾರಿ ಎಂಜಿನ್ ಬಿಚ್ಚಿ ಕಟ್ಟಿದ ಕೈ. ಟರ್ಬೊ ಎನ್ನುವುದು ಕಾರಿನವರಿಗೆ ಷೋಕಿಯಾಗುವ ಮೊದಲೇ ಲಾರಿಯವರಿಗೆ ಹೊಟ್ಟೆಪಾಡಾಗಿತ್ತು. ಟಿಸಿಐಸಿ ಎಂದು ಲಾರಿಗಳ ಮೇಲೆ ಕಾಣುವ ನಾಲ್ಕಕ್ಷರದ ಅರ್ಥವೂ ಅದೇ, ಟರ್ಬೊ ಇದೆ, ಇಂಟರ್‌ಕೂಲರ್ ಇದೆ ಎಂದು. ಚಾಚಾನಿಗೆ ನನ್ನ ಕಾರಿನ ಕಂಪನಿ ಯಾವುದು ಎನ್ನುವುದರಲ್ಲಿ ಆಸಕ್ತಿಯೇ ಇರಲಿಲ್ಲ.

ನಾನು ಅಂದಾಜು ಪಟ್ಟಿ ಕೊಟ್ಟೆ. ಅವರು ಅದನ್ನು ಓದದೆ ಮಡಚಿ ವಾಪಸು ಕೊಟ್ಟರು.

"ಆಯಿಲ್ ಬಂದೈತಿ ಖರೆ ಸರ. ಎಲ್ಲಿಂದ ಬಂತು ಅನ್ನೋದು ಯಾರೂ ನೋಡಿಲ್ಲ. ಹೊಸಾ ಟರ್ಬೊ ಹಾಕಿದ್ರೂ ಮತ್ತ ಬರತೈತಿ, ಆಗ ಏನು ಮಾಡೋರು?"

ಇಲ್ಲಿ ಟರ್ಬೊದ ಬಗ್ಗೆ ಸ್ವಲ್ಪ ಹೇಳಬೇಕು. ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೊರಟುಹೋಗುತ್ತದೆ. ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ ಹೇಗೆ ಎಂದು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ನನ್ನಂಥ ಸಣ್ಣ ಕಾರಿನ ಟರ್ಬೊದಲ್ಲಿ ಆ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಅಷ್ಟು ವೇಗಕ್ಕೆ ದಂಡವನ್ನು ಎಂಜಿನ್ ಆಯಿಲಿನ ತೆಳು ಪೊರೆಯ ಮೇಲೆ ತೇಲಿಸಿಡುತ್ತಾರೆ. ಒಂದು ಕಡೆ ಕೆಂಡದಂಥ ಹೊಗೆ, ಇನ್ನೊಂದು ಕಡೆ ಗಾಳಿ, ನಡುವೆ ಆಯಿಲ್. ಆಯಿಲನ್ನು ತಡೆಯಲು ಅಲ್ಲಿರುವುದು ರಬ್ಬರ್ ಸೀಲಲ್ಲ, ಉಂಗುರದಂಥ ಸಣ್ಣ ಲೋಹದ ಬಳೆಗಳು. ಅವು ಪೂರಾ ಮುಚ್ಚುವುದೂ ಇಲ್ಲ. ಎರಡೂ ಬದಿಯ ಒತ್ತಡವೇ ಆಯಿಲನ್ನು ಒಳಗೆ ನಿಲ್ಲಿಸಿರುತ್ತದೆ. ಒತ್ತಡದ ಲೆಕ್ಕ ತಪ್ಪಿದರೆ ಹೊಸ ಟರ್ಬೊ ಕೂಡ ಆಯಿಲ್ ಕಾರುತ್ತದೆ.

ಇನ್ನು ಒತ್ತಿದ ಗಾಳಿ ಬಿಸಿಯಾಗುವ ವಿಷಯ. ಸೈಕಲ್ ಪಂಪ್ ಹೊಡೆದ ಯಾವ ಹುಡುಗನಿಗೂ ಅದು ಗೊತ್ತು. ಅಂಕೋಲೆಯ 35 ಡಿಗ್ರಿ ಸೆಖೆಯ ಗಾಳಿಯನ್ನು ಟರ್ಬೊ ದುಪ್ಪಟ್ಟು ಒತ್ತಡಕ್ಕೆ ಒತ್ತಿದರೆ ಅದು 130 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಿಸಿ ಗಾಳಿ ವಿರಳ. ಒತ್ತಿ ಗಳಿಸಿದ ಲಾಭದಲ್ಲಿ ಒಂದಿಷ್ಟು ಕಾವಿಗೇ ಹೋಗುತ್ತದೆ. ಅದಕ್ಕೇ ಇಂಟರ್‌ಕೂಲರ್. ರೇಡಿಯೇಟರಿನಂಥದ್ದೇ ಅಲ್ಯೂಮಿನಿಯಂ ಜಾಲರಿ, ಒಳಗೆ ನೀರಿನ ಬದಲು ಟರ್ಬೊದ ಗಾಳಿ. ಆ ಗಾಳಿಯನ್ನು 60 ಡಿಗ್ರಿಗೆ ಇಳಿಸಿದರೆ ಅದೇ ಜಾಗದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಗಾಳಿ ಹಿಡಿಯುತ್ತದೆ. ಬೇಕಾದವರು ಪಿಯುಸಿ ಪುಸ್ತಕದ ಅನಿಲ ನಿಯಮದಿಂದ ಲೆಕ್ಕ ಹಾಕಿ ನೋಡಬಹುದು. ಸೆಲ್ಸಿಯಸ್ಸಿಗೆ 273 ಕೂಡಿಸಲು ಮರೆಯಬಾರದು, ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಮರೆಯುತ್ತಿದ್ದರು. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನಲ್ಲಿ ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. ಬದಲಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಳಗೆ ಸಿಂಪಡಿಸುವ ಏರ್ಪಾಡು. ಅದು ಖಾಲಿಯಾದಾಗ ಮಾಲೀಕರು ತುಂಬಿಸಬೇಕು. ಜನ ತುಂಬಿಸಲಿಲ್ಲ. ಒಂದೆರಡು ವರ್ಷದಲ್ಲಿ ಆ ಕಾರು ಮುಗಿಯಿತು. ಯಾರೂ ಏನೂ ತುಂಬಿಸಬೇಕಾಗಿಲ್ಲದ ಜಾಲರಿಯೇ ಉಳಿದುಕೊಂಡಿತು.

ಚಾಚಾ ಎಂಜಿನ್ ಚಾಲೂ ಮಾಡಿಸಿದರು. ಆಯಿಲ್ ತುಂಬುವ ಬಾಯಿಯ ಮುಚ್ಚಳ ತಿರುಗಿಸಿ ಸಡಿಲಾಗಿ ಅಲ್ಲೇ ಇಟ್ಟರು. ಅದು ಕುಣಿಯುತ್ತದೆಯೇ ಎಂದು ನೋಡುವುದು. ಪಿಸ್ಟನ್ ರಿಂಗ್ ಸವೆದಿದ್ದರೆ ಸಿಲಿಂಡರಿನ ಒತ್ತಡ ಕೆಳಕ್ಕೆ ನುಗ್ಗಿ ಅಲ್ಲಿಂದ ಬುಸುಗುಡುತ್ತದೆ. ಗ್ಯಾರೇಜುಗಳಲ್ಲಿ ಅದನ್ನು ಬ್ಯಾಕ್ ಕಂಪ್ರೆಶನ್ ಎನ್ನುತ್ತಾರೆ. ಮುಚ್ಚಳ ಸ್ವಲ್ಪ ನಡುಗಿತು, ಹಾರಲಿಲ್ಲ. "ರಿಂಗ್ ಛಲೋ ಅದಾವ." ಆಮೇಲೆ ಎಂಜಿನ್ ಆರಿಸಿ, ಆಯಿಲ್ ಅಳೆಯುವ ಕಡ್ಡಿ ಎಳೆದರು. ಮೇಲಿನ ಗೆರೆಗಿಂತ ಮೇಲಿತ್ತು. ಹಿಂದಿನ ಸರ್ವಿಸಿನಲ್ಲಿ ಯಾರೋ ಧಾರಾಳವಾಗಿ ಸುರಿದಿದ್ದರು. ಆಯಿಲ್ ಜಾಸ್ತಿಯಾದರೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ಹನಿಹನಿ ಮಾಡಿ ಎಬ್ಬಿಸುತ್ತದೆ. ಆ ಹನಿಗಳು ಬ್ರೀದರ್ ಪೈಪಿನಿಂದ ನೇರ ಟರ್ಬೊದ ಬಾಯಿಗೆ ಬರುತ್ತವೆ. ಹಿಂದಿನ ಕಾಲದ ಲಾರಿಯಲ್ಲಿ ಬ್ರೀದರ್ ರಸ್ತೆಗೆ ಬಿಟ್ಟಿರುತ್ತಿದ್ದರು, ಎಂಜಿನ್ ತನ್ನ ಉಸಿರನ್ನು ರಸ್ತೆಗೆ ಉಗುಳುತ್ತಿತ್ತು. ಈಗಿನ ಕಾನೂನಿನಂತೆ ಅದನ್ನು ಎಂಜಿನ್ನೇ ಮತ್ತೆ ಕುಡಿಯಬೇಕು.

ಬ್ರೀದರ್ ಪೈಪ್ ಬಿಚ್ಚಿದರೆ ಒಳಗೆ ಗಾಣದ ಹಿಂಡಿಯಂಥ ಗಟ್ಟಿ ಕರಿ ಮುದ್ದೆ. ಏರ್ ಫಿಲ್ಟರ್ ತೆಗೆದಾಗ ಗ್ಯಾರೇಜಿನ ಹುಡುಗ ನಕ್ಕುಬಿಟ್ಟ. ಕಾಗದದ ಮಡಿಕೆಗಳ ತುಂಬ ಅದಿರಿನ ಕೆಂಪು ಪುಡಿ. ನಾನು ಬೇಲೇಕೇರಿಗೆ ಹೋಗುವ ಮಾಲಿನಲ್ಲಿ ಒಂದು ಪಾಲು ಹುಬ್ಬಳ್ಳಿಗೆ ವಾಪಸು ತರುತ್ತಿದ್ದೆ! ಫಿಲ್ಟರ್ ಕಟ್ಟಿದಾಗ ಟರ್ಬೊದ ಗಾಳಿ ಚಕ್ರ ಬರಿಯ ಗಾಳಿ ಸಿಗದೆ ಸುತ್ತಮುತ್ತ ಸಿಕ್ಕಿದ್ದನ್ನೆಲ್ಲ ಹೀರುತ್ತದೆ. ದಂಡದ ಬಳೆಗಳ ಸಂದಿನಿಂದ ಆಯಿಲ್, ಬ್ರೀದರಿನಿಂದ ಆಯಿಲ್. ಎರಡೂ ಸೇರಿ ಇಂಟರ್‌ಕೂಲರಿನಲ್ಲಿ ತಂಪಾಗಿ ತಳಕ್ಕೆ ಇಳಿಯುತ್ತವೆ. ಇಂಟರ್‌ಕೂಲರ್ ಕೆಳಮಟ್ಟದಲ್ಲಿರುವುದರಿಂದ ಅಲ್ಲೇ ನಿಂತುಬಿಡುತ್ತವೆ.

ಟರ್ಬೊ ಹೋಗಿದೆ ಎನ್ನುವುದಕ್ಕೆ ಆಧಾರ ಬೇಕಲ್ಲ. ಚಾಚಾ ಅದರ ಬಾಯಿಯ ಪೈಪ್ ತೆಗೆದು ಎರಡು ಬೆರಳಲ್ಲಿ ದಂಡದ ತುದಿ ಹಿಡಿದು ಅಲ್ಲಾಡಿಸಿದರು. ನನ್ನ ಕೈಯಲ್ಲೂ ಹಿಡಿಸಿದರು.

"ಆಕಡೆ ಈಕಡೆ ಒಂಚೂರು ಆಡತೈತಲ್ರಿ, ಅದು ಆಡಬೇಕು. ಅಲ್ಲಿ ಆಯಿಲ್ ಇರೂ ಜಾಗಾ. ಈಗ ಹಿಂದ ಮುಂದ ಜಗ್ಗಿ ನೋಡ್ರಿ. ಜಗ್ಗತೈತೇನು? ಇಲ್ಲ. ರೆಕ್ಕಿ ಬಾಡಿಗೆ ತಾಗ್ಯಾವೇನು? ಇಲ್ಲ. ಮತ್ತ ಟರ್ಬೊ ಹೆಂಗ ಹೋತು?"

ಸರಿ, ಎಳೆತ ಹೋದದ್ದು ಎಲ್ಲಿ? ಅದಕ್ಕೆ ಅವರು ಹುಡುಗನಿಗೆ ಎಂಜಿನ್ ರೇಸ್ ಮಾಡು ಎಂದು, ತಾವು ಬಂಪರ್ ಬಳಿ ಕುಕ್ಕರುಗಾಲಲ್ಲಿ ಕೂತು ಕೈ ಒಳಗೆ ತೂರಿಸಿದರು. ಸುಂಯ್ ಎನ್ನುವ ಸದ್ದು ಎಲ್ಲಿಂದ ಬರುತ್ತಿದೆಯೆಂದು ಅವರ ಅಂಗೈಗೆ ಗೊತ್ತಾಯಿತು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್, ಕ್ಲಿಪ್ಪಿನ ಪಕ್ಕದಲ್ಲಿ ಸೀಳಿತ್ತು. ಸುಮ್ಮನೆ ನೋಡಿದರೆ ಕಾಣದು. ಒತ್ತಡ ಬಂದಾಗ ಮಾತ್ರ ತುಟಿ ಬಿಡುತ್ತದೆ. ಆಯಿಲ್ ಕುಡಿದ ರಬ್ಬರ್ ಮೆತ್ತಗಾಗಿ ಉಬ್ಬಿತ್ತು, ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಅಲ್ಲಿಗೆ ಸರಪಳಿ ಪೂರ್ತಿಯಾಯಿತು. ಧೂಳಿನಿಂದ ಫಿಲ್ಟರ್ ಕಟ್ಟಿತು, ಅದರಿಂದ ಆಯಿಲ್ ಬಂತು, ಆಯಿಲಿನಿಂದ ಹೋಸ್ ಕೊಳೆಯಿತು, ಹೋಸಿನಿಂದ ಗಾಳಿ ಸೋರಿತು. ಕಂಪ್ಯೂಟರ್ ಗಾಳಿಯನ್ನು ಅಳೆಯುವುದು ಟರ್ಬೊಗಿಂತ ಮೊದಲು. ಸೋರುವುದು ಆಮೇಲೆ. ಬಾರದ ಗಾಳಿಯ ಲೆಕ್ಕಕ್ಕೂ ಅದು ಡೀಸೆಲ್ ಸುರಿಯುತ್ತದೆ, ಸುಡಲು ಗಾಳಿ ಸಾಲದೆ ಕಪ್ಪು ಹೊಗೆ.

ಹೋಸ್ ತರಲು ಹುಡುಗ ಸೈಕಲ್ಲೇರಿ ಹೋದ. "ಹೆಂಗೂ ಬಿಚ್ಚಬೇಕು, ತೊಳದೇ ಬಿಡೋಣು" ಎಂದರು ಚಾಚಾ. ಬಂಪರ್ ಇಳಿಯಿತು. ಹತ್ತು ನಂಬರ್ ಪಾನಾ, ಒಂದಿಷ್ಟು ಪ್ಲಾಸ್ಟಿಕ್ ಕ್ಲಿಪ್ಪುಗಳು. ಕೆಲವು ಮುರಿದವು, ಅವು ಮುರಿಯಲೆಂದೇ ಹುಟ್ಟಿದವು. ಇಂಟರ್‌ಕೂಲರನ್ನು ಎರಡು ಕೈಯಲ್ಲಿ ಹೊರತೆಗೆದು ಹಳೇ ಬಾನಿಯ ಮೇಲೆ ಬಗ್ಗಿಸಿದಾಗ ಕರಿ ಆಯಿಲ್ ನಿಧಾನ ಧಾರೆಯಾಗಿ ಇಳಿಯಿತು. ಚಹದ ಗ್ಲಾಸಿನಲ್ಲಿ ಹಿಡಿದಿದ್ದರೆ ಗ್ಲಾಸು ತುಂಬುತ್ತಿತ್ತು.

ತೊಳೆಯುವ ಕೆಲಸದಲ್ಲಿ ಚಾಚಾನಿಗೆ ಅವಸರವಿರಲಿಲ್ಲ. ಪೆಟ್ರೋಲ್ ಬೇಡ ಎಂದರು. ಆಯಿಲ್ ಬೇಗ ಬಿಡುತ್ತದೆ, ಆದರೆ ಪಕ್ಕದಲ್ಲಿ ವೆಲ್ಡಿಂಗ್ ನಡೆಯುವ ಜಾಗದಲ್ಲಿ ಅದರ ಆವಿ ನಿಲ್ಲಲು ಬಿಡುವವನು ಮನೆಗೆ ಹೋಗಲಾರ. ಕಾಸ್ಟಿಕ್ ಸೋಡಾ ಕೂಡ ಬೇಡ, ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಜಾಲರಿಯ ಎರಡು ತುದಿಯ ಡಬ್ಬಿಗಳು ಪ್ಲಾಸ್ಟಿಕ್, ನಡುವೆ ರಬ್ಬರ್ ಪಟ್ಟಿ ಇಟ್ಟು ಅಲ್ಯೂಮಿನಿಯಂ ಅಂಚನ್ನು ಮಡಚಿ ಕೂರಿಸಿರುತ್ತಾರೆ. ಆ ಪಟ್ಟಿ ಕೆಟ್ಟರೆ ಇನ್ನೊಂದು ಸೋರಿಕೆ. ಹಾಗಾಗಿ ಚಿಮಣಿ ಎಣ್ಣೆ. ಒಂದು ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಇನ್ನೊಂದರಿಂದ ಎಣ್ಣೆ ಸುರಿದು, ಅದನ್ನೂ ಕಟ್ಟಿದರು. ಹುಡುಗ ಒಂದು ತುದಿ, ಚಾಚಾ ಇನ್ನೊಂದು ತುದಿ ಹಿಡಿದು ಮೇಲೆ ಕೆಳಗೆ ಕುಲುಕಿದರು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟರು, ಚೆಲ್ಲಿದರು. ಮತ್ತೆ ಹೊಸ ಎಣ್ಣೆ. ಮೊದಲಿಗೆ ಕಾಡಿಗೆ ಬಣ್ಣ, ಆಮೇಲೆ ಚಹದ ಬಣ್ಣ, ಕೊನೆಗೆ ಹಾಕಿದ ಬಣ್ಣದಲ್ಲೇ ಹೊರಬರುವವರೆಗೆ. ತಳದಲ್ಲಿ ಕೂತಿದ್ದ ಕೆಂಪು ಮಣ್ಣಿನ ಗಸಿ ಎರಡನೆಯ ತೊಳೆತಕ್ಕೆ ಬಿಟ್ಟಿತು.

ಅದಾದ ಮೇಲೆ ಬಿಸಿ ನೀರು, ಬಟ್ಟೆ ಸೋಪಿನ ಪುಡಿ. ಇದನ್ನು ಬಹಳ ಜನ ಬಿಡುತ್ತಾರಂತೆ. ಚಿಮಣಿ ಎಣ್ಣೆಯ ಪಸೆ ಒಳಗುಳಿದರೆ ಡೀಸೆಲ್ ಎಂಜಿನ್ನಿಗೆ ಅದು ಕಸವಲ್ಲ, ಇಂಧನ. ಚಾಲೂ ಆದ ಕೂಡಲೇ ಲೆಕ್ಕವಿಲ್ಲದೆ ಒಳಗೆ ಹೋಗುತ್ತದೆ. ನೀರಿನ ತೊಳೆತ ಮುಗಿಸಿ ಪಕ್ಕದ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಗೆ ಒಯ್ದರು. ಬಾಯಿಗಳಿಗೆ ರಬ್ಬರ್ ಬಿರಡೆ ಬಿಗಿದು, ಹಗುರಾಗಿ ಹವಾ ಬಿಟ್ಟು ಮುಳುಗಿಸಿದರು. ಗುಳ್ಳೆ ಏಳಲಿಲ್ಲ. ಆಮೇಲೆ ಹವಾ ಹೊಡೆದು, ಬೇವಿನ ಮರದ ಆಚೆ ಬಿಸಿಲಿನಲ್ಲಿ, ಬಾಯಿ ಕೆಳಗಾಗಿ ಒರಗಿಸಿದರು.

ಒಣಗುವವರೆಗೆ ಕೆಲಸವಿಲ್ಲ. ಚಹ ಬಂತು. ಒಳಗೆ ಆಯಿಲ್ ನಿಂತ ಗಾಡಿಯನ್ನು ಹಾಗೇ ಓಡಿಸಿದರೆ ಏನಾಗುತ್ತದೆ ಎಂದು ಕೇಳಿದೆ. ಚಾಚಾ ಒಂದು ಲಾರಿಯ ಕಥೆ ಹೇಳಿದರು. ಟರ್ಬೊದ ಬೇರಿಂಗ್ ಪೂರ್ತಿ ಹೋಗಿ ಆಯಿಲ್ ಸುರಿಯುತ್ತಿದ್ದ ಲಾರಿ. ಗ್ಯಾರೇಜಿನ ಅಂಗಳದಲ್ಲಿ ರೇಸ್ ಮಾಡಿ ನೋಡುತ್ತಿದ್ದಾಗ ಎಂಜಿನ್ ತಾನಾಗಿ ಏರತೊಡಗಿತು. ಡ್ರೈವರ್ ಕಾಲು ತೆಗೆದ, ಇಳಿಯಲಿಲ್ಲ. ಎಂಜಿನ್ ನಿಲ್ಲಿಸುವ ತಂತಿ ಎಳೆದ, ನಿಲ್ಲಲಿಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಕಾವು ಮತ್ತು ಸುಡುವಂಥದ್ದೇನಾದರೂ ಸಾಕು. ಡೀಸೆಲ್ ನಿಲ್ಲಿಸಿದರೂ ಅದು ತನ್ನ ಆಯಿಲನ್ನೇ ಕುಡಿದು ಓಡುತ್ತಿತ್ತು. ಓಣಿ ತುಂಬ ಬಿಳಿ ಹೊಗೆ, ಕಿವಿ ಕಿತ್ತುಹೋಗುವ ಸದ್ದು, ಜನ ಓಡಿದರು.

"ಡ್ರೈವರ್ ಜಿಗದು ಓಡಿದ. ನಾ ಒಳಗ ಹತ್ತಿ ಟಾಪ್ ಗೇರ್ ಹಾಕಿದೆ, ಬ್ರೇಕ್ ಮ್ಯಾಲೆ ನಿಂತೆ, ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಕುಪ್ಪಳಿಸಿ ಸತ್ತು ಬಿತ್ತು. ಕ್ಲಚ್ ಪ್ಲೇಟ್ ಹೋತು. ಹೋಗಲಿ ಬಿಡ್ರಿ, ಎಂಜಿನ್ ಸಿಡದಿದ್ರ?"

ಗಾಳಿ ಹೋಗುವ ಬಾಯಿಗೆ ಹಲಗೆ ಅಡ್ಡ ಹಿಡಿದರೂ ನಿಲ್ಲುತ್ತದೆ ಎಂದು ಸೇರಿಸಿದರು. ಕೈ ಮಾತ್ರ ಹಿಡಿಯಬಾರದು. ಎಂಜಿನ್ ಆರಿಸುವ ಮುನ್ನ ಸ್ವಲ್ಪ ಹೊತ್ತು ಐಡಲಿನಲ್ಲಿ ಬಿಡಬೇಕೆಂದು ಟರ್ಬೊ ಗಾಡಿಗಳಲ್ಲಿ ಅಂಟಿಸಿರುವ ಚೀಟಿಯನ್ನು ಓದುವವರು ಲಾರಿಯವರು ಮಾತ್ರ, ಕಾರಿನವರಲ್ಲ ಎಂಬುದು ಅವರ ಇನ್ನೊಂದು ಆಕ್ಷೇಪ. ಘಟ್ಟ ಹತ್ತಿ ಬಂದು ಥಟ್ಟನೆ ಆರಿಸಿದರೆ ಆಯಿಲಿನ ಹರಿವು ನಿಲ್ಲುತ್ತದೆ, ಕಾದ ದಂಡದ ಸುತ್ತ ಉಳಿದ ಆಯಿಲ್ ಸೀದು ಕರಿಯಾಗಿ ಬೇರಿಂಗನ್ನು ಕೆರೆಯುತ್ತದೆ.

ಸಂಜೆಯ ಹೊತ್ತಿಗೆ ಎಲ್ಲ ಕೂಡಿಸಿದರು. ಹೊಸ ಹೋಸ್, ಹೊಸ ಕ್ಲಿಪ್, ಹೊಸ ಫಿಲ್ಟರ್, ಬ್ರೀದರಿಗೆ ಹೊಸ ಪೈಪ್, ಹೆಚ್ಚಿನ ಆಯಿಲ್ ಇಳಿಸಿದ್ದು, ತೊಳೆದ ಇಂಟರ್‌ಕೂಲರ್. ಗೋಕುಲ ರಸ್ತೆಯಲ್ಲಿ ಒಂದು ಸುತ್ತು ಹೊಡೆದಾಗಲೇ ಗೊತ್ತಾಯಿತು. ಸುಂಯ್ ಸದ್ದು ಇಲ್ಲ, ಮೂರನೇ ಗೇರಿನಲ್ಲಿ ಬೆನ್ನು ಸೀಟಿಗೆ ಒತ್ತಿತು. ಮುಂದಿನ ವಾರ ಅರಬೈಲಿನಲ್ಲಿ ನಾನೇ ಖಾಲಿ ಲಾರಿಗಳನ್ನು ಹಿಂದೆ ಹಾಕಿದೆ, ಅಗತ್ಯಕ್ಕಿಂತ ಒಂದೆರಡು ಹೆಚ್ಚೇ.

ಆದರೆ ಪಾಠ ಮಾಡುವವನ ತಲೆಗೆ ಹುಳು ಬಿಟ್ಟುಕೊಳ್ಳುವುದು ಬೇಗ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ವರ್ಷವಿಡೀ ಹೇಳುವುದು ಒಂದೇ ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ. ಚಾಚಾ ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರು. ಕಾಲೇಜಿನಲ್ಲಿ ಕೇಳಿದವರಿಗೆಲ್ಲ ನಾನು ಇಂಟರ್‌ಕೂಲರ್ ತೊಳೆಸಿದೆ, ಪಿಕಪ್ ಬಂತು ಎನ್ನುತ್ತಿದ್ದೆ, ಏಕೆಂದರೆ ಕಣ್ಣಿಗೆ ಕಂಡದ್ದು ಅದು, ಬಾನಿಗೆ ಇಳಿದ ಕರಿ ಆಯಿಲ್. ಆದರೆ ಕೆಲಸ ಮಾಡಿದ್ದು ಅದೇಯೇ? ಮುಂದಿನ ಭೇಟಿಯಲ್ಲಿ ಚಾಚಾನನ್ನು ಕೇಳಿಯೂ ಬಿಟ್ಟೆ.

"ಸರ, ನಿಮಗ ಗಾಡಿ ಬೇಕೋ ಕಾರಣ ಬೇಕೋ?"

ಎರಡೂ ಬೇಕು ಎಂದೆ. ಅವರು ತಲೆ ಅಲ್ಲಾಡಿಸಿ ಇನ್ನೊಂದು ಗಾಡಿಯ ಕೆಳಗೆ ಹೋದರು.

ಮನೆಯಲ್ಲಿ ಲೆಕ್ಕ ಹಾಕಿದೆ. ಆಯಿಲ್ ಕಾವನ್ನು ದಾಟಿಸುವುದರಲ್ಲಿ ಅಲ್ಯೂಮಿನಿಯಮ್ಮಿಗಿಂತ ಸಾವಿರ ಪಟ್ಟು ದಡ್ಡ. ಇದನ್ನು ಕೇಳಿದವರು ಹಾಗಾದರೆ ಆಯಿಲ್ ಪೊರೆ ಕುಳಿತರೆ ಇಂಟರ್‌ಕೂಲರ್ ಸತ್ತಂತೆಯೇ ಎನ್ನುತ್ತಾರೆ. ಆದರೆ ಪೊರೆ ಎಷ್ಟು ದಪ್ಪ? ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಇರುವುದಿಲ್ಲ. ನಿಜವಾದ ಅಡ್ಡಿ ಇರುವುದು ಗಾಳಿಯಲ್ಲೇ. ಗಾಳಿಯಿಂದ ಲೋಹಕ್ಕೆ, ಲೋಹದಿಂದ ಹೊರಗಿನ ಗಾಳಿಗೆ ಕಾವು ದಾಟುವುದೇ ಕಷ್ಟದ ಕೆಲಸ. ಅದಕ್ಕೇ ಅಷ್ಟೊಂದು ರೆಕ್ಕೆ, ಮಡಿಕೆ ಇಟ್ಟಿರುವುದು. ಆ ಅಡ್ಡಿಯ ಮುಂದೆ ಆಯಿಲ್ ಪೊರೆಯ ಅಡ್ಡಿ ನೂರಕ್ಕೆ ಮೂರು ನಾಲ್ಕು ಪಾಲು. ತಳದ ನಾಳಗಳಲ್ಲಿ ಆಯಿಲ್ ಕೊಳವಾಗಿ ನಿಂತು ಗಾಳಿಯ ದಾರಿಯನ್ನೇ ಮುಚ್ಚಿದರೆ ಮಾತು ಬೇರೆ. ಪೊರೆಯಷ್ಟೇ ಇದ್ದರೆ ಘಟ್ಟದಲ್ಲಿ ಕಾಲಿಗೆ ಗೊತ್ತಾಗುವಷ್ಟು ವ್ಯತ್ಯಾಸವಾಗಬಾರದು. ಲೆಕ್ಕ ಹೇಳಿದ್ದು ಹಾಗೆ.

ಪರೀಕ್ಷೆಗೆ ಖಾಲಿ ರಸ್ತೆ ಬೇಕಿತ್ತು, ಅದನ್ನು ಸರ್ಕಾರ ಒದಗಿಸಿತು. 2010ರ ಜುಲೈಯಲ್ಲಿ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಷೇಧವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅರಬೈಲು ಗುರುತು ಸಿಗದಷ್ಟು ಶಾಂತವಾಗಿತ್ತು, ಗಿಡಗಳು ಮತ್ತೆ ಹಸಿರಾಗಿದ್ದವು. ಲಾರಿಗಳನ್ನೇ ನಂಬಿದ್ದ ಧಾಬಾದವರು, ಪಂಕ್ಚರ್ ಅಂಗಡಿಯವರು ಕೈ ಕಟ್ಟಿ ಕೂತಿದ್ದರು. ಅವರ ಎದುರು ನನ್ನ ಖಾಲಿ ರಸ್ತೆಯ ಸಂತೋಷವನ್ನು ತೋರಿಸಿಕೊಳ್ಳುವಂತಿರಲಿಲ್ಲ. ಘಟ್ಟದ ಬುಡದ ಒಂದು ಮೋರಿಯಿಂದ ಇಡಗುಂದಿಯ ಕಡೆಗಿನ ಒಂದು ತಿರುವಿನವರೆಗೆ ಅದೇ ಗೇರ್, ಅದೇ ಭಾರ, ಕೈಯಲ್ಲಿ ಪ್ರಯೋಗಶಾಲೆಯ ಸ್ಟಾಪ್‌ವಾಚ್. ಪಕ್ಕದಲ್ಲಿ ಕೂತ ಹೆಂಡತಿ ಗುಂಡಿ ಒತ್ತುತ್ತಿದ್ದಳು.

ಮತ್ತೊಂದು ಬೇಸಿಗೆಗೆ ಇಂಟರ್‌ಕೂಲರಿನಲ್ಲಿ ಮತ್ತೆ ಪಸೆ ಕಂಡಿತು. ಅಷ್ಟಿಷ್ಟು ಪಸೆ ಎಲ್ಲ ಟರ್ಬೊ ಗಾಡಿಯಲ್ಲೂ ಇರುವಂಥದ್ದೇ. ಈ ಸಲ ತೊಳೆಯುವುದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದೆಂದು ಊರ ಮನೆಯ ಅಂಗಳದಲ್ಲಿ ನಾನೇ ಬಂಪರ್ ಬಿಚ್ಚಿದೆ. ಚಿಮಣಿ ಎಣ್ಣೆ ಕೇಳಿದ್ದಕ್ಕೆ ಅಮ್ಮ ಕ್ಯಾನನ್ನು ಸೆರಗಿನ ಮರೆಗೆ ಸರಿಸಿಕೊಂಡಳು. "ರೇಷನ್ನಿಂದು ಅದು, ದೀಪಕ್ಕೆ ಇಟ್ಟದ್ದು ತಮಾ. ಕಾರು ಕುಡೂದಾದ್ರೆ ಪೇಟೆಗೆ ಹೋಗಿ ತಕಂಬಾ." ಡೀಸೆಲಿನಲ್ಲೇ ತೊಳೆದೆ. ಆಯಿಲನ್ನು ಅದೂ ಬಿಡಿಸುತ್ತದೆ, ವಾಸನೆ ಮಾತ್ರ ಕೈಯಿಂದ ಎರಡು ದಿನ ಹೋಗುವುದಿಲ್ಲ. ಸೋಪಿನ ನೀರು, ಬಿಸಿಲು, ಎಲ್ಲ ಕ್ರಮವಾಗಿ. ತೊಳೆಯುವ ಮುಂಚೆ ಒಂದು ಏರು, ತೊಳೆದ ಮೇಲೆ ಒಂದು ಏರು. ಸ್ಟಾಪ್‌ವಾಚಿನ ವ್ಯತ್ಯಾಸ ಹೆಂಡತಿಯ ಹೆಬ್ಬೆರಳಿನ ತಡವರಿಕೆಯೊಳಗೇ ಮುಳುಗಿಹೋಗುವಷ್ಟು ಸಣ್ಣದು.

ಇದಕ್ಕೆ ವಿರುದ್ಧದ ಸಾಕ್ಷಿಯೂ ಸಿಕ್ಕಿತು. ಯಲ್ಲಾಪುರದ ನಮ್ಮ ಭಾವನ ಜೀಪು ಹೀಗೇ ಸೊರಗಿತ್ತು. ಅದರ ಇಂಟರ್‌ಕೂಲರ್ ಒಳಗೆ ಆಯಿಲ್ ನಿಜಕ್ಕೂ ಕೊಳವಾಗಿತ್ತು. ಟರ್ಬೊದಿಂದ ಆಯಿಲ್ ಇಳಿದುಹೋಗುವ ಪೈಪ್ ಎಲ್ಲೋ ಕಲ್ಲಿಗೆ ತಾಗಿ ನಜ್ಜುಗುಜ್ಜಾಗಿತ್ತು. ಆಯಿಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕಾದ ದಾರಿ ಅದು, ಅದು ಮುಚ್ಚಿದರೆ ಬಳೆಗಳ ಸಂದಿನಿಂದಲೇ ಹೊರಡುತ್ತದೆ. ಪೈಪ್ ನೇರ ಮಾಡಿಸಿ, ಒಳಗೆ ತೊಳೆದಾಗ ನೀಲಿ ಹೊಗೆ ನಿಂತಿತು. ಎಳೆತ ಅರ್ಧ ಬಂತು. ಉಳಿದರ್ಧ ಬಂದದ್ದು ಹೊರಗನ್ನು ತೊಳೆದಾಗ. ತೋಟದ ರಸ್ತೆಯ ಕೆಸರು, ಹುಲ್ಲಿನ ಬೀಜ, ಸತ್ತ ಹುಳು ಜಾಲರಿಯ ಹೊರಮೈಯಲ್ಲಿ ಗಾರೆ ಹಚ್ಚಿದಂತೆ ಗಟ್ಟಿಯಾಗಿತ್ತು. ಹೊರಗಿನ ಗಾಳಿಯೇ ಆಡದಿದ್ದರೆ ಒಳಗೆ ಎಷ್ಟು ಹೊಳೆದರೇನು? ಅದನ್ನು ಸಣ್ಣ ನೀರಿನಲ್ಲಿ ಹಿಂಭಾಗದಿಂದ ಬಿಟ್ಟು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆ ಹಿಡಿದರೆ ರೆಕ್ಕೆಗಳು ಮಡಚಿ ಕೂರುತ್ತವೆ. ಇಂಟರ್‌ಕೂಲರ್ ತೊಳೆಯಬೇಕು ಎನ್ನುವವರೆಲ್ಲ ಒಳಗಿನ ಆಯಿಲಿಗೇ ಹೆದರುತ್ತಾರೆ, ಹೊರಗಿನ ಮಣ್ಣನ್ನು ಕೇಳುವವರಿಲ್ಲ.

ಈ ಲೆಕ್ಕ, ಸ್ಟಾಪ್‌ವಾಚು, ಜೀಪು, ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಚಾಚಾನ ಗ್ಯಾರೇಜಿಗೆ ಹೋದೆ. ಅವತ್ತು ಪಿಕಪ್ ತಂದದ್ದು ಹೋಸು ಮತ್ತು ಫಿಲ್ಟರ್, ತೊಳೆದದ್ದರಿಂದ ಅಂಥ ಲಾಭವೇನೂ ಆಗಿರಲಿಲ್ಲ ಎಂದು ಸಾಧಿಸಿ ಹೇಳಿದೆ. ಅವರು ಕೈ ಒರೆಸುತ್ತಿದ್ದ ವೇಸ್ಟನ್ನು ಪಕ್ಕಕ್ಕಿಟ್ಟು ಪೂರ್ತಿ ಕೇಳಿದರು.

"ಹೌದ್ರಿ ಸರ. ಹೊಸಾ ಪೈಪ್ ಹಾಕೂ ಮುಂದ ಹಳೇ ಆಯಿಲ್ ಒಳಗ ಬಿಟ್ರ ಅದೂ ಮೆತ್ತಗಾಗಿ ಹರೀತಿತ್ತು, ಅದಕ್ಕ ತೊಳದೆ. ಪಿಕಪ್ಪಿಗೆ ತೊಳದೆ ಅಂತ ನಾ ಯಾವಾಗ ಅಂದೆ? ಬಿಲ್ ನೋಡ್ರಿ."

ಬಿಲ್ಲನ್ನು ನಾನು ಕಾರಿನ ಡಬ್ಬಿಯಲ್ಲೇ ಇಟ್ಟಿದ್ದೆ. ತೆಗೆದು ನೋಡಿದೆ. ಹೋಸ್, ಕ್ಲಿಪ್, ಏರ್ ಫಿಲ್ಟರ್, ಬ್ರೀದರ್ ಪೈಪ್, ಬಂಪರ್ ಬಿಚ್ಚಿ ಹಾಕಿದ ಕೂಲಿ. ತೊಳೆದದ್ದಕ್ಕೆ ಅವರು ದುಡ್ಡೇ ಹಾಕಿರಲಿಲ್ಲ. ಚಿಮಣಿ ಎಣ್ಣೆಯದು ಮಾತ್ರ ಕೊನೆಯ ಸಾಲಿನಲ್ಲಿ ಇತ್ತು.